ಆಲ್ಡರ್‌ಹಿಲ್ಲಿನ ಒಳ್ಳೆಯ ದಾರಿ

ಟಕ್ ಟಕ್... ಟಕ್. ಟಕ್ ಟಕ್... ಟಕ್.

ಕಾಲುವೆಯ ತಿರುವಿನ ಆಚೆಯಿಂದ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಬ್ರಯೊನಿಯ ತುಟಿಯವರೆಗೆ ಬಂದಿದ್ದ ಟೀ ಮಗ್ಗು ಅಲ್ಲೇ ನಿಂತುಬಿಟ್ಟಿತು.

ದೋಣಿಯ ಎಂಜಿನ್ನುಗಳು ಬೇಕಾದಷ್ಟಿವೆ. ಆದರೆ ಎರಡು ಸಲ ಬಡಿದು, ಮೂರನೆಯ ಬಡಿತಕ್ಕೆ ಒಂದಿಷ್ಟು ಯೋಚನೆ ಮಾಡುವ ಎಂಜಿನ್ನು ನಮ್ಮ ಕಾಲುವೆಗಳ ಮೇಲೆ ಇರುವುದು ಒಂದೇ ಒಂದು. ಮೊದಲಾಗಿದ್ದರೆ ಆ ಸದ್ದಿಗೆ ಅವಳು ಕನ್ನಡಿಯ ಮುಂದೆ ಓಡುತ್ತಿದ್ದಳು. ಇವತ್ತು ಓಡಿಹೋಗಿ ಬಚ್ಚಿಟ್ಟುಕೊಳ್ಳೋಣ ಅನ್ನಿಸಿತು. ಏಳಡಿ ಅಗಲದ ದೋಣಿಯಲ್ಲಿ ಬಚ್ಚಿಟ್ಟುಕೊಳ್ಳುವುದಾದರೂ ಎಲ್ಲಿ?

‘ದೇವರೇ... ಅವನಲ್ಲದಿರಲಿ. ಬೇರೆ ಯಾರಾದರೂ ಆಗಿರಲಿ!’

ಅವನೇ ಆಗಿದ್ದ.

ಕಲ್ಲಿದ್ದಲಿನ ಮೂಟೆಗಳನ್ನೂ ಗ್ಯಾಸ್ ಸಿಲಿಂಡರುಗಳನ್ನೂ ಹೊತ್ತ ಉದ್ದನೆಯ ದೋಣಿ ‘ಬ್ಯಾಡ್ಜರ್’ ನಿಧಾನವಾಗಿ ತಿರುವು ದಾಟಿ ಬಂತು. ಹಿಂದೆ ಚುಕ್ಕಾಣಿ ಹಿಡಿದು ರೂಫಸ್ ಹ್ಯಾಡನ್ ನಿಂತಿದ್ದ. ಅದೇ ಮಾಸಿದ ಹಸಿರು ಟೋಪಿ, ಮೊಣಕೈಯವರೆಗೆ ಕಲ್ಲಿದ್ದಲಿನ ಮಸಿ ಹತ್ತಿದ ಅದೇ ಕೈಗಳು.

ಅವನೂ ಅವಳನ್ನು ನೋಡಿದ. ನೋಡಿದ್ದೇ, ಇಪ್ಪತ್ತು ವರ್ಷದಿಂದ ದೋಣಿ ನಡೆಸುವ ಮನುಷ್ಯ ಹೊಸಬನ ಹಾಗೆ ದಂಡೆಗೆ ಧಡ್ ಎಂದು ಗುದ್ದಿದ!

"ನೋಡ್ದ್ಯಾ ಕಂದಾ, ಜೊತೆ ಬೇಕು ಅಂತಿದ್ದೆ, ಬಂತು!" ಲಾಕಿನ ಗೇಟಿನ ಬಳಿ ನಿಂತಿದ್ದ ಮಾರ್ಜರಿ ಚಪ್ಪಾಳೆ ತಟ್ಟಿದಳು.

"ನಾನು ಜೊತೆ ಬೇಕು ಅನ್ಲಿಲ್ಲ. ಒಬ್ಬಳೇ ಹೋಗ್ತೀನಿ ಅಂದೆ," ಎಂದು ಬ್ರಯೊನಿ ಹಲ್ಲು ಕಚ್ಚಿಕೊಂಡು ಹೇಳಿದಳು.

"ಆಗಲ್ಲ ಕಂದಾ. ಮಳೆ ಇಲ್ಲ, ನೀರಿಲ್ಲ. ಒಂದು ಲಾಕಿಗೆ ಎರಡು ದೋಣಿ. ಒಂಟಿ ದೋಣಿಗೆ ಒಂದು ಲಾಕಿನ ನೀರು ಸುರಿದ್ರೆ ನನ್ನ ಹೊಟ್ಟೆ ಉರಿಯುತ್ತೆ."

ಮಾರ್ಜರಿ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಈಗ ಕೆಂಪು ಜೀವರಕ್ಷಕ ಜಾಕೆಟ್ಟು ತೊಟ್ಟು, ಸಂಬಳವಿಲ್ಲದೆ, ಆಲ್ಡರ್‌ಹಿಲ್ಲಿನ ಲಾಕುಗಳನ್ನು ಕಾಯುತ್ತಿದ್ದಳು. ಲಾಕು ಎಂದರೆ ಎರಡೂ ತುದಿಗೆ ಗೇಟುಗಳಿರುವ ಕಲ್ಲಿನ ತೊಟ್ಟಿ; ಅದರಲ್ಲಿ ನೀರು ತುಂಬಿದಂತೆ ದೋಣಿ ಬೆಟ್ಟದ ಒಂದೊಂದು ಮೆಟ್ಟಿಲು ಏರುತ್ತದೆ. ಮಕ್ಕಳ ತಟ್ಟೆಯಲ್ಲಿ ಬಟಾಣಿ ಉಳಿದರೆ ಸಹಿಸದಿದ್ದವಳು ಈಗ ಕಾಲುವೆಯಲ್ಲಿ ನೀರು ಪೋಲಾದರೆ ಸಹಿಸುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ರೂಫಸ್ ದಂಡೆಗೆ ಹಾರಿ ಹಗ್ಗ ಹಿಡಿದು ನಿಂತ.

"ಬ್ರಯೊನಿ."

"ರೂಫಸ್."

‘ಬ್ರೈ’ ಅಂತಿದ್ದವನು! ಈಗ ಪೂರ್ತಿ ಹೆಸರು... ಮೂರಕ್ಷರದಲ್ಲಿ ಅದೆಷ್ಟು ದೂರ!

"ಓ, ಪರಿಚಯದವ್ರೇನಾ?" ಮಾರ್ಜರಿಯ ಮುಖ ಅರಳಿತು. "ಹಾಗಾದ್ರೆ ತೊಂದ್ರೇನೇ ಇಲ್ಲ. ಎರಡೂ ದೋಣಿ ಪಕ್ಕಪಕ್ಕ ಕಟ್ಟಿಬಿಡಿ. ಒಬ್ರು ಚುಕ್ಕಾಣಿ, ಒಬ್ರು ಗೇಟು. ಮಧ್ಯಾಹ್ನದ ಟೀ ಹೊತ್ತಿಗೆ ಬೆಟ್ಟದ ಮೇಲಿರ್ತೀರಿ."

ಇಬ್ಬರೂ ಒಟ್ಟಿಗೆ "ಬೇಡ" ಎಂದರು. ಮಾರ್ಜರಿ ಯಾರ ಮಾತು ಕೇಳುವವಳು? ಅಷ್ಟರಲ್ಲಿ ಹಗ್ಗವನ್ನು ಅವಳೇ ಎತ್ತಿಕೊಂಡಿದ್ದಳು.

ಹೀಗೆ, ಒಬ್ಬರ ಮುಖ ಒಬ್ಬರು ನೋಡಬಾರದೆಂದು ಒಂದು ವರ್ಷ ಬೇರೆಬೇರೆ ಕಾಲುವೆ ಹಿಡಿದಿದ್ದವರನ್ನು, ಮುಂದೊಂದು ಹಿಂದೊಂದು ಗಂಟು ಹಾಕಿ ಕಟ್ಟಲಾಯಿತು!

* * *

ಹೋದ ವರ್ಷ ನಡೆದದ್ದನ್ನು ಇಲ್ಲಿ ಹೇಳಿಬಿಡಬೇಕು. ಇಲ್ಲದಿದ್ದರೆ ಈ ಹುಡುಗಿ ಯಾಕೆ ಹಗ್ಗಕ್ಕೆ ಅಷ್ಟು ಸಿಟ್ಟಿನಿಂದ ಗಂಟು ಹಾಕುತ್ತಿದ್ದಾಳೆ ಎಂದು ನಿಮಗೆ ತಿಳಿಯುವುದಿಲ್ಲ.

ಬ್ರಯೊನಿ ದೋಣಿಗಳ ಮೇಲೆ ಹೆಸರು ಬರೆಯುವವಳು. ಗುಲಾಬಿ ಹೂ, ಕೋಟೆಯ ಚಿತ್ರ, ನೆರಳು ಕೊಟ್ಟ ದಪ್ಪ ಅಕ್ಷರ... ಅವಳ ಕುಂಚಕ್ಕೆ ಕಾಲುವೆಯುದ್ದಕ್ಕೂ ಬೇಡಿಕೆ. ತನ್ನ ‘ಮೇರಿಗೋಲ್ಡ್’ ದೋಣಿಯಲ್ಲೇ ಅವಳ ಮನೆ, ಅದರಲ್ಲೇ ಅವಳ ಕೆಲಸ. ಬ್ಯಾಡ್ಜರ್‌ಗೆ ಹೆಸರು ಬರೆಯಲು ಬಂದವಳು ರೂಫಸ್‌ನ ಮನಸ್ಸಿನಲ್ಲೂ ಬರೆದುಬಿಟ್ಟಳು. ಎರಡು ಬೇಸಿಗೆ ಆ ಎರಡು ದೋಣಿಗಳು ಒಂದರ ಹಿಂದೆ ಒಂದು ಓಡಿದವು.

ಹೋದ ಅಕ್ಟೋಬರಿನ ಒಂದು ಸಂಜೆ, ಇದೇ ಆಲ್ಡರ್‌ಹಿಲ್ಲಿನ ಕೆಳಗೆ, ಅವನು ಮದುವೆಯಾಗು ಎಂದು ಕೇಳಿದ.

ಅವಳು ಬೆಳಗಿನವರೆಗೆ ಸಮಯ ಕೇಳಿದಳು. ಒಬ್ಬಳೇ ಬದುಕಿ ಅಭ್ಯಾಸವಾದವಳು, ಅವಳಿಗೆ ತನ್ನ ಸಂತೋಷದ ಮೇಲೇ ಭಯ.

"ತಗೋ," ಅಂದಿದ್ದ ರೂಫಸ್. "ನಾನು ಈ ರಾತ್ರೀನೇ ಮೇಲೆ ಹೋಗ್ತೀನಿ. ಫೋನ್ ಮಾಡಲ್ಲ, ಪೀಡಿಸಲ್ಲ. ಮೇಲೆ ಹೋದ್ಮೇಲೆ ನಡ್ಕೊಂಡು ಬಂದು ನಿನಗೆ ಒಳ್ಳೆ ದಾರಿ ಮಾಡಿಡ್ತೀನಿ. ನಿನ್ನ ಉತ್ತರ ಹೌದು ಅಂತಾದ್ರೆ, ಬಾ. ನಾನು ಮೇಲೆ ಕಾಯ್ತಿರ್ತೀನಿ."

ಒಳ್ಳೆಯ ದಾರಿ! ನಮ್ಮ ಕಾಲುವೆಯ ಜನರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಮೇಲೆ ಹತ್ತಿದ ದೋಣಿ ತನ್ನ ಹಿಂದೆ ಪ್ರತಿ ಲಾಕನ್ನೂ ತುಂಬಿಸಿಟ್ಟು ಹೋಗುತ್ತದೆ. ಹಿಂದೆ ಬರುವವರು ಮತ್ತೆ ಅದನ್ನು ಖಾಲಿ ಮಾಡಿ, ಆನೆಯಷ್ಟು ಭಾರದ ಗೇಟುಗಳನ್ನು ಬೆನ್ನು ಕೊಟ್ಟು ನೂಕಿ ತೆರೆಯಬೇಕು. ಅದು ಕೆಟ್ಟ ದಾರಿ. ಯಾರಾದರೂ ಮುಂದಾಗಿ ಹೋಗಿ ಲಾಕು ಖಾಲಿ ಮಾಡಿ ಗೇಟು ತೆರೆದಿಟ್ಟರೆ ಅದು ಒಳ್ಳೆಯ ದಾರಿ. ಒಂದೊಂದೇ ಗೇಟು "ಬಾ" ಅನ್ನುತ್ತಿರುತ್ತದೆ.

ಬ್ರಯೊನಿ ರಾತ್ರಿಯಿಡೀ ಹೊರಳಾಡಿ ಬೆಳಿಗ್ಗೆ ಹಳದಿ ಸ್ವೆಟರು ಹಾಕಿಕೊಂಡು ಹೊರಟಳು. ಅವಳ ಉತ್ತರ ಹೌದು.

ಮೊದಲ ಲಾಕಿನ ಗೇಟು ಮುಚ್ಚಿತ್ತು. ಒಳಗೆ ನೀರು ತುಂಬಿ ನಿಂತಿತ್ತು.

ಎಲ್ಲೋ ಮರೆತಿರಬೇಕು ಎಂದುಕೊಂಡು ಒಬ್ಬಳೇ ಒದ್ದಾಡಿ ಹತ್ತಿದಳು. ಎರಡನೆಯದೂ ಮುಚ್ಚಿತ್ತು. ದಂಡೆಯ ಮೇಲೆ ಮುಂದಕ್ಕೆ ಓಡಿಹೋಗಿ ನೋಡಿದಳು... ಕಣ್ಣು ಹರಿಯುವಷ್ಟು ದೂರ ಎಲ್ಲವೂ ಮುಚ್ಚಿದ್ದವು.

‘ಮನಸ್ಸು ಬದಲಾಯಿಸಿದ್ದಾನೆ. ಹೇಳೋಕೆ ಧೈರ್ಯ ಇಲ್ಲದೆ ಹೊರಟುಹೋಗಿದ್ದಾನೆ...’

ಅವಳು ದೋಣಿ ತಿರುಗಿಸಿಕೊಂಡು ಬಂದುಬಿಟ್ಟಳು. ಸಂಜೆ ಅವನಿಂದ ಒಂದು ಮೆಸೇಜ್ ಬಂತು. ‘ಪರವಾಗಿಲ್ಲ. ಸುಖವಾಗಿರು.’

ಪರವಾಗಿಲ್ಲವಂತೆ! ಅವಳ ಮೈ ಉರಿದುಹೋಯಿತು. ‘ನೀನೂ’ ಎಂದು ಬರೆದಳು. ಅಲ್ಲಿಗೆ ಎರಡು ಬೇಸಿಗೆಯ ಕಥೆ ಮುಗಿಯಿತು.

* * *

ಮೊದಲ ಲಾಕಿನೊಳಗೆ ಎರಡು ದೋಣಿಗಳೂ ಭುಜಕ್ಕೆ ಭುಜ ತಾಗಿಸಿ ನಿಂತವು. ರೂಫಸ್‌ನ ನಾಯಿ ಮಫಿನ್‌ಗೆ ಮಾತ್ರ ಹಳೆಯ ಜಗಳ ಯಾವುದೂ ನೆನಪಿರಲಿಲ್ಲ. ಒಂದೇ ನೆಗೆತಕ್ಕೆ ಮೇರಿಗೋಲ್ಡ್‌ಗೆ ಹಾರಿ, ಬ್ರಯೊನಿಯ ಮೊಣಕಾಲಿಗೆ ಮುಖ ಉಜ್ಜಿ, ಬಾಲ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು.

"ಮಫಿನ್! ಬಾ ಇಲ್ಲಿ! ಮಾನ ಮರ್ಯಾದೆ ಇಲ್ವಾ?" ಎಂದು ರೂಫಸ್ ಗದರಿದ.

"ಇರ್ಲಿ ಬಿಡು. ಮನೆಯಲ್ಲಿ ಒಬ್ರಿಗಾದ್ರೂ ನೆನಪಿನ ಶಕ್ತಿ ಇದೆಯಲ್ಲ!"

ಅವನ ದವಡೆ ಬಿಗಿಯಿತು. ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದ.

ಬ್ರಯೊನಿ ಗೇಟಿನ ನೀರುಕಿಂಡಿ ಎತ್ತುವ ಕಬ್ಬಿಣದ ಹಿಡಿಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಹತ್ತುವಾಗ ಬ್ಯಾಡ್ಜರ್‌ನ ಪಕ್ಕೆ ಕಣ್ಣಿಗೆ ಬಿತ್ತು.

ಅವಳೇ ಬರೆದದ್ದು. ಕೆಂಪು ಹಲಗೆಯ ಮೇಲೆ ಕೆನೆಬಣ್ಣದ ಅಕ್ಷರದಲ್ಲಿ ‘ರೂಫಸ್ ಹ್ಯಾಡನ್’. ಹೆಸರು ಪೂರ್ತಿ ಎಡಕ್ಕಿದೆ, ಬಲಕ್ಕೆ ಅರ್ಧ ಹಲಗೆ ಖಾಲಿ. ಅಂದು ಅವಳು ನಡುವೆ ಬರೆಯಲು ಹೊರಟಾಗ ಅವನೇ ತಡೆದಿದ್ದ. "ಎಡಕ್ಕೇ ಬರಿ. ಬಲಗಡೆ ಜಾಗ ಬೇಕಾಗುತ್ತೆ." ಯಾಕೆಂದು ಅವಳು ಕೇಳಿದ್ದಕ್ಕೆ ಕಿವಿ ಕೆಂಪಗೆ ಮಾಡಿಕೊಂಡು ನಕ್ಕಿದ್ದ.

ಒಂದು ವರ್ಷವಾದರೂ ಆ ಜಾಗ ಖಾಲಿಯೇ ಇದೆ!

‘ಯಾಕೆ ತುಂಬಿಸಲಿಲ್ಲ? ಬೇರೆಯವರ ಕೈಲಿ ಒಂದು ಹೂವಾದರೂ ಬರೆಸಬಹುದಿತ್ತು...’

ಲಾಕಿನ ಮೇಲೆ ಲಾಕು ದಾಟಿತು. ಅವಳು ಮುಂದೆ ನಡೆದು ಗೇಟು ತೆರೆಯುವಳು, ಅವನು ಎರಡು ದೋಣಿಗಳನ್ನೂ ಒಂದೇ ಚುಕ್ಕಾಣಿಯಿಂದ ಒಳಗೆ ತರುವನು. ಕೈಗಳು ಹಳೆಯ ಅಭ್ಯಾಸದಂತೆ ಹೊಂದಿಕೊಂಡವು. ಅವಳು ಗೇಟಿನ ತೊಲೆಗೆ ಬೆನ್ನು ಕೊಡುವ ಹೊತ್ತಿಗೆ ಅವನು ಎಂಜಿನ್ನು ತಗ್ಗಿಸಿರುತ್ತಿದ್ದ. ಬಾಯಿಗಳಿಗೆ ಮಾತ್ರ ಹೊಂದಿಕೆ ಇರಲಿಲ್ಲ.

ನಡುವೆ ಅವನು ದೋಣಿಯೊಳಗೆ ಹೋಗಿ ಎರಡು ಬೇಕನ್ ಸ್ಯಾಂಡ್‌ವಿಚ್ ಮಾಡಿ ತಂದ. ಒಂದನ್ನು ಚುಕ್ಕಾಣಿಗೋಲಿನಷ್ಟು ದೂರದಿಂದ ಅವಳತ್ತ ಚಾಚಿದ.

"ಕಂದು ಸಾಸ್ ಹಾಕಿದ್ದೀನಿ. ಕೆಂಪು ನಿನಗೆ ಆಗಲ್ಲ."

ಅವಳು ಕೈ ಚಾಚಿ ತೆಗೆದುಕೊಂಡಳು. ಅದೊಂದು ಇನ್ನೂ ನೆನಪಿದೆ ಇವನಿಗೆ!

"ದೋಣಿ ಮಾರ್ತಿದ್ದೀಯಂತೆ?" ಅವನು ನೀರಿನ ಕಡೆ ನೋಡುತ್ತ ಕೇಳಿದ.

"ಯಾರು ಹೇಳಿದ್ರು?"

"ಮಾರ್ಜರಿ. ಕೇಳದೇನೇ ಹೇಳಿದ್ರು."

"ಹೂಂ. ಪೆಂಡ್ರಿ ಅಂತ, ಹಲ್ಲಿನ ಡಾಕ್ಟ್ರಾಗಿದ್ದವ್ರು. ಮೇಲೆ ಕೆಫೆ ಹತ್ರ ಬಂದು ನೋಡ್ತಾರೆ. ಇಷ್ಟ ಆದ್ರೆ ಇವತ್ತೇ ಬಿಟ್ಟುಕೊಡ್ತೀನಿ."

"ಆಮೇಲೆ?"

"ಬ್ರಿಸ್ಟಲ್. ಅಕ್ಕನ ಮನೆ ಪಕ್ಕ ಒಂದು ಫ್ಲ್ಯಾಟು."

‘ಬೇಡ ಅನ್ನು. ಒಂದೇ ಒಂದು ಸಲ ಬೇಡ ಅನ್ನು ರೂಫಸ್... ನಾನು ಈ ಹಗ್ಗ ಬಿಚ್ಚೋದೇ ಇಲ್ಲ!’

ಅವನು ಚುಕ್ಕಾಣಿಯ ಮೇಲಿನ ಮಸಿ ಒರೆಸುತ್ತ, "ಒಳ್ಳೇದು," ಎಂದ. "ಫ್ಲ್ಯಾಟಲ್ಲಿ ಸ್ನಾನದ ತೊಟ್ಟಿ ಇರುತ್ತೆ. ನಿನಗೆ ಯಾವಾಗ್ಲೂ ಅದರದ್ದೇ ಕನಸು."

ತೊಟ್ಟಿಯಂತೆ! ಸ್ಯಾಂಡ್‌ವಿಚ್ಚನ್ನು ಅವನ ಟೋಪಿಯ ಮೇಲೆ ಎಸೆಯಬೇಕೆನ್ನಿಸಿತು ಅವಳಿಗೆ. ಹಸಿವಾಗಿತ್ತು, ಹಾಗಾಗಿ ತಿಂದಳು.

"ನೀನು ಹೇಳಿದ ಮಾತಿಗೆ ನಿಂತಿದ್ದಿದ್ರೆ," ಬಾಯಿಯಿಂದ ಮಾತು ಜಾರಿಯೇಬಿಟ್ಟಿತು, "ನನಗೆ ಮಾರೋ ಗತಿ ಬರ್ತಿರಲಿಲ್ಲ."

ರೂಫಸ್ ಗಕ್ಕನೆ ತಿರುಗಿದ. "ನಾನು ನಿಲ್ಲಲಿಲ್ವಾ? ಕತ್ತಲಾಗೋವರೆಗೂ ಆ ಬೆಟ್ಟದ ಮೇಲೆ ಗೂಟದ ಹಾಗೆ ನಿಂತಿದ್ದೆ ಬ್ರಯೊನಿ! ಬರದೇ ಇದ್ದೋಳು ನೀನು. ಆವತ್ತಿಂದ ಈ ಕಾಲುವೆ ಕಡೆ ತಲೆ ಹಾಕಿಲ್ಲ ನಾನು. ಈ ಕಡೆಯ ಕಲ್ಲಿದ್ದಲ ದೋಣಿ ರಿಪೇರಿಗೆ ಹೋಗದಿದ್ರೆ ಇವತ್ತೂ ಬರ್ತಿರಲಿಲ್ಲ."

"ನಿಂತಿದ್ಯಾ?" ಅವಳ ದನಿ ನಡುಗಿತು. "ಯಾವ ಮುಖ ಇಟ್ಕೊಂಡು ನಿಂತಿದ್ದೆ? ಒಂದು ಗೇಟನ್ನೂ..."

ಅಷ್ಟರಲ್ಲಿ ಮಾರ್ಜರಿ ಮೇಲಿನ ಕಿಂಡಿ ಎತ್ತಿಬಿಟ್ಟಿದ್ದಳು. ನೀರು ಭೋರೆಂದು ಲಾಕಿನೊಳಗೆ ನುಗ್ಗಿತು. ಉಳಿದ ಮಾತು ಆ ಸದ್ದಿನಲ್ಲಿ ಕೊಚ್ಚಿಹೋಯಿತು.

ಬ್ರಯೊನಿ ಕಣ್ಣೊರೆಸಿಕೊಂಡು, ಹಿಂದಿರುಗಿ ನೋಡದೆ, ಮುಂದಿನ ಲಾಕಿನತ್ತ ದಾಪುಗಾಲು ಹಾಕಿದಳು.

* * *

ಲಾಕಿನ ಕೆಲಸ ಮುಗಿಸಿ ಮಾರ್ಜರಿ ಏದುಸಿರು ಬಿಡುತ್ತ ಹಿಂದೆಯೇ ಬಂದಳು.

"ಕಂದಾ, ಕೋಪ ಏನಾದ್ರೂ ಇರ್ಲಿ, ಹಿಂದಿನ ಲಾಕಿನ ಗೇಟು ಅರ್ಧ ತೆರೆದು ಬಿಟ್ಟು ಬಂದಿದ್ದೀಯ. ನಾನು ಮುಚ್ಚಿ ಬಂದೆ. ತೆರೆದ ಗೇಟು ಕಂಡ್ರೆ ನನಗೆ ಮೈಯೆಲ್ಲ ತುರಿಕೆ."

"ಸಾರಿ ಮಾರ್ಜರಿ."

"ಅಯ್ಯೋ, ನೀನು ಪರವಾಗಿಲ್ಲ. ಹೋದ ವರ್ಷ, ನನ್ನ ಮೊದಲನೇ ದಿನ... ಅಕ್ಟೋಬರು. ಹೊಸ ಜಾಕೆಟ್ಟು, ಹೊಸ ಹುರುಪು. ಬೆಳಿಗ್ಗೆ ಬಂದು ನೋಡ್ತೀನಿ, ಯಾವನೋ ಪುಣ್ಯಾತ್ಮ ಕೆಳಗಿಂದ ಸಾಲಾಗಿ ಒಂದೊಂದು ಲಾಕಿನ ಗೇಟನ್ನೂ ಬಾಯಿ ತೆರೆದ ಹಾಗೆ ಬಿಟ್ಟುಹೋಗಿದ್ದಾನೆ! ಒಂದು ದೋಣಿ ಓಡಾಡ್ತಿಲ್ಲ, ಒಂದು ನರಪಿಳ್ಳೆ ಇಲ್ಲ!"

ಬ್ರಯೊನಿಯ ಕಾಲು ನಿಂತುಹೋಯಿತು.

"ಎಲ್ಲಾ ನಾನೇ ಮುಚ್ಚಿದೆ ಗೊತ್ತಾ?" ಮಾರ್ಜರಿ ಹೆಮ್ಮೆಯಿಂದ ಎದೆ ಉಬ್ಬಿಸಿದಳು. "ಒಬ್ಬಳೇ! ಮಂಡಿ ಸೋಲೋವರೆಗೂ ಹತ್ತಿ ಹತ್ತಿ ಮುಚ್ಚಿದೆ. ಇಲ್ಲಿ ಮೇಲಿನ ಗೇಟುಗಳು ಸೋರ್ತವಲ್ಲ, ಸ್ವಲ್ಪ ಹೊತ್ತಲ್ಲೇ ಎಲ್ಲಾ ಲಾಕೂ ಅವಾಗವೇ ತುಂಬಿಕೊಂಡ್ವು. ನೋಡೋಕೆ ಎಷ್ಟು ಅಚ್ಚುಕಟ್ಟಾಗಿತ್ತು..."

"ಮಾರ್ಜರಿ." ಬ್ರಯೊನಿ ಗೇಟಿನ ತೊಲೆಯ ಮೇಲೆ ಕುಳಿತಳು. "ಎಲ್ಲಾ ಗೇಟೂ... ತೆರೆದಿತ್ತಾ? ನಿಜವಾಗ್ಲೂ?"

"ಎಲ್ಲಾ! ಸೋಮಾರಿ ನನ್ಮಗ!"

"ಅವನು ಸೋಮಾರಿ ಅಲ್ಲ." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ನೋಡಿದವರಿಗೆ ಹೇಳುವುದು ಕಷ್ಟವಿತ್ತು. "ಕತ್ತಲಲ್ಲಿ ಬೆಟ್ಟ ಇಳಿದು ಬಂದು ನನಗೋಸ್ಕರ ತೆರೆದಿಟ್ಟ ಗೇಟು ಅವು. ನನ್ನನ್ನ ಮದುವೆಗೆ ಕರೆದಿದ್ದ ಮಾರ್ಜರಿ! ನಾನು ಬಂದಾಗ ಎಲ್ಲಾ ಮುಚ್ಚಿತ್ತು. ಬೇಡ ಅಂದ್ಬಿಟ್ಟ ಅಂದ್ಕೊಂಡು ಹೊರಟುಹೋದೆ..."

ಮಾರ್ಜರಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅವಳ ಜೀವನದಲ್ಲಿ ಮಾತು ನಿಂತದ್ದು ಬಹುಶಃ ಅದೇ ಮೊದಲು.

"ಯಾರು... ಆ ಕಲ್ಲಿದ್ದಲ ಹುಡುಗನಾ?"

ಬ್ರಯೊನಿ ತಲೆಯಾಡಿಸಿದಳು.

"ಅಯ್ಯೋ ನನ್ನ ದೇವರೇ! ನಾನು ಒಂದು ಮದುವೇನೇ ಮುಚ್ಚಿಬಿಟ್ಟೆನಾ?" ಮಾರ್ಜರಿ ಅವಳ ಎರಡೂ ಕೈ ಹಿಡಿದುಕೊಂಡಳು. "ಬೈ ಕಂದಾ. ಚೆನ್ನಾಗಿ ಬೈ. ಬೇಕಾದ್ರೆ ಕಾಲುವೆಗೆ ತಳ್ಳು, ಜಾಕೆಟ್ಟು ಹಾಕಿದ್ದೀನಿ, ಮುಳುಗಲ್ಲ."

ಬ್ರಯೊನಿ ಅವಳನ್ನು ತಬ್ಬಿಕೊಂಡುಬಿಟ್ಟಳು. ಒಂದು ವರ್ಷದಿಂದ ಎದೆಯೊಳಗೆ ಹೊತ್ತಿದ್ದ ಕಲ್ಲು ಕರಗಿ ಕಣ್ಣಲ್ಲಿ ಹರಿಯುತ್ತಿತ್ತು.

‘ಅವನು ಮಾತಿಗೆ ನಿಂತಿದ್ದ. ಕತ್ತಲಾಗೋವರೆಗೂ ನಿಂತಿದ್ದ. ಎರಡೇ ಲಾಕಿಗೆ ಸೋತು ತಿರುಗಿದವಳು ನಾನು... ಇನ್ನೆರಡು ಹತ್ತಿ ನೋಡದೆ ಹೋದೆ. ಒಂದು ಫೋನ್ ಮಾಡದೆ ಹೋದೆ!’

"ಈಗ್ಲೇ ಹೋಗಿ ಹೇಳು. ಬಾ, ನಾನೇ ಹೇಳ್ತೀನಿ," ಎಂದು ಮಾರ್ಜರಿ ಎಳೆದಳು.

"ಬೇಡ." ಬ್ರಯೊನಿ ಎದ್ದು ನಿಂತಳು. ಮುಂದೆ ಬೆಟ್ಟದ ಮೈಮೇಲೆ ಉಳಿದ ಲಾಕುಗಳು ಒಂದರ ಮೇಲೊಂದು ಏರುತ್ತಿದ್ದವು. ಮೇಲಿನಿಂದ ಇಳಿದು ಬರುವ ದೋಣಿ ಒಂದೂ ಇರಲಿಲ್ಲ. "ಹೇಳಿದ್ರೆ ಸಾಲದು ಮಾರ್ಜರಿ. ಅವನು ಕಾದಿದ್ದಕ್ಕೆ ಮಾತು ಸಾಲದು. ಹಿಂದಿನ ಗೇಟುಗಳನ್ನ ನೀವು ನೋಡ್ಕೋತೀರಾ? ಅವನು ಒಳಗೆ ಬಂದ್ಮೇಲೆ ಮುಚ್ಚೋದು, ನೀರು ತುಂಬೋದು?"

ಮಾರ್ಜರಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದದ್ದೇ, ತೋಳು ಮಡಿಚಿದಳು.

"ಓಡು ಕಂದಾ! ಓಡು!"

* * *

ಅವಳು ಓಡಿದಳು.

ಕಿಂಡಿಯ ಹಲ್ಲುಚಕ್ರಕ್ಕೆ ಹಿಡಿ ಸಿಕ್ಕಿಸಿ ತಿರುಗಿಸಿದಳು. ನೀರು ಇಳಿಯುವವರೆಗೆ ಕಾಲು ಬದಲಿಸುತ್ತ ಕಾದಳು. ಇಳಿದದ್ದೇ ಬೆನ್ನು ಕೊಟ್ಟು ಒಂದು ಗೇಟು ನೂಕಿ, ಸುತ್ತಿ ಓಡಿ, ಇನ್ನೊಂದು ಗೇಟು ನೂಕಿ, ಮತ್ತೆ ಮುಂದಿನದಕ್ಕೆ... ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕೂದಲು ಹಣೆಗೆ ಅಂಟಿತು.

‘ಅವನು ಇದನ್ನೆಲ್ಲ ಕತ್ತಲಲ್ಲಿ ಮಾಡಿದ್ದ. ಚಳಿಯಲ್ಲಿ. ನಾನು ಮಲಗಿದ್ದಾಗ, ನನ್ನ ಕಿಟಕಿ ಪಕ್ಕದಲ್ಲೇ ಮೊದಲನೇ ಗೇಟು ತೆರೆದು, ಸದ್ದಾಗದ ಹಾಗೆ ತಿರುಗಿ ಹೋಗಿದ್ದ...’

ಪ್ರತಿ ಗೇಟು ತೆರೆದುಕೊಳ್ಳುವಾಗಲೂ ಅವಳಿಗೆ ಅವನ ಮೇಲೆ ಇನ್ನಷ್ಟು ಪ್ರೀತಿ ಉಕ್ಕಿತು. ಜೊತೆಗೆ ಸೊಂಟವೂ ನೋಯಿತು, ಅದನ್ನು ಮುಚ್ಚಿಡುವುದು ಬೇಡ.

ಇತ್ತ ಕೆಳಗೆ ರೂಫಸ್‌ಗೆ ತಲೆಬಿಸಿ ಶುರುವಾಗಿತ್ತು. ಬ್ರಯೊನಿ ಕಾಣುತ್ತಿಲ್ಲ. ಮಾರ್ಜರಿ ಕಾಣುತ್ತಿದ್ದಾಳೆ, ಆದರೆ ಮಾತಾಡುತ್ತಿಲ್ಲ. ಇದು ಅದಕ್ಕಿಂತ ಹೆಚ್ಚು ಭಯಂಕರ!

"ಅವಳು ಎಲ್ಲಿ?"

"ಮುಂದೆ."

"ಕೋಪ ಮಾಡ್ಕೊಂಡು ಹೋಗ್ಬಿಟ್ಲಾ? ದೋಣಿ ಇಲ್ಲೇ ಬಿಟ್ಟು?"

"ಚುಕ್ಕಾಣಿ ಹಿಡ್ಕೊಂಡು ಮುಂದೆ ನೋಡಪ್ಪಾ, ಸಾಕು," ಎಂದು ಮಾರ್ಜರಿ ಮೂಗು ಒರೆಸಿಕೊಂಡಳು. ಅವಳ ಕಣ್ಣು ಯಾಕೆ ಕೆಂಪಗಿದೆಯೆಂದು ಅವನಿಗೆ ಗೊತ್ತಾಗಲಿಲ್ಲ.

ಲಾಕಿನಿಂದ ಹೊರಬಂದು ತಿರುವು ದಾಟಿದ. ತಲೆಯೆತ್ತಿ ನೋಡಿದ.

ಮುಂದಿನ ಲಾಕಿನ ಎರಡೂ ಗೇಟುಗಳು ಪೂರ್ತಿ ತೆರೆದಿದ್ದವು. ಅದರ ಆಚೆಯದೂ ತೆರೆದಿತ್ತು. ಅದರಾಚೆಯದೂ... ಬೆಟ್ಟದ ತುದಿಯವರೆಗೆ, ಕಪ್ಪು ಬಿಳಿ ಬಣ್ಣದ ತೊಲೆಗಳೆಲ್ಲ ಬದಿಗೆ ಸರಿದು ನಿಂತು, ನಡುವೆ ದಾರಿ ಬಿಟ್ಟಿದ್ದವು.

ರೂಫಸ್‌ನ ಕೈ ಚುಕ್ಕಾಣಿಯ ಮೇಲೆ ಸಡಿಲವಾಯಿತು. ದೋಣಿಗಳೆರಡೂ ಓರೆಯಾಗಿ ದಂಡೆಗೆ ತಾಗಿದವು. ಒಂದೇ ದಿನ ಎರಡನೆಯ ಸಲ!

ಹೋದ ವರ್ಷ ನಸುಕಿನಲ್ಲಿ ಅವನೇ ಬೆಟ್ಟದ ಮೇಲೆ ನಿಂತು, ತಾನು ಮಾಡಿಟ್ಟ ದಾರಿಯನ್ನು ಹೀಗೇ ನೋಡಿದ್ದ. ಆಮೇಲೆ ಲಾಕುಗಳು ಕಾಣದ ಕೆಫೆಯ ಕಡೆ ದೋಣಿಯ ಬಳಿ ಕತ್ತಲಾಗುವವರೆಗೆ ಕಾದಿದ್ದ. ಬರಬೇಕಾದವಳು ಬರಲಿಲ್ಲ.

"ಇದು... ಯಾರು ಮಾಡಿದ್ದು?"

"ನನ್ನ ಕೇಳಬೇಡ," ಎಂದಳು ಮಾರ್ಜರಿ. "ನೀನು ಒಳಗೆ ಹೋಗೋವರೆಗೂ ಒಂದು ಗೇಟನ್ನೂ ಮುಟ್ಟಲ್ಲ ಅಂತ ಆಣೆ ಇಟ್ಟಿದ್ದೀನಿ. ಹೋಗಪ್ಪಾ, ಬೇಗ ಹೋಗು!"

* * *

ಕೊನೆಯ ಲಾಕಿನೊಳಗೆ ಬಂದು ನಿಂತಾಗ ರೂಫಸ್ ಆಳದಲ್ಲಿದ್ದ. ಎರಡೂ ಕಡೆ ಪಾಚಿ ಹಿಡಿದ ಒದ್ದೆ ಗೋಡೆ. ತಲೆಯೆತ್ತಿದರೆ ಬೆಳಕಿನಲ್ಲಿ ಬ್ರಯೊನಿ, ಕೆದರಿದ ಕೂದಲು, ಮಸಿ ಹತ್ತಿದ ಕೆನ್ನೆ.

ಹಿಂದೆ ಮಾರ್ಜರಿ ಗೇಟು ಮುಚ್ಚಿದಳು. ಬ್ರಯೊನಿ ಮೇಲಿನ ಕಿಂಡಿಯನ್ನು ಸ್ವಲ್ಪವೇ ಎತ್ತಿದಳು. ನೀರು ಮೆಲ್ಲಗೆ ಏರತೊಡಗಿತು.

"ಎಂಜಿನ್ನು ಆರಿಸು ರೂಫಸ್. ನಾನು ಹೇಳೋದು ಕೇಳಬೇಕು."

ಟಕ್ ಟಕ್... ನಿಂತಿತು.

"ಆವತ್ತು ನಾನು ಬಂದಿದ್ದೆ."

ಅವನು ಚುಕ್ಕಾಣಿ ಬಿಟ್ಟು ತಲೆಯೆತ್ತಿದ.

"ಹಳದಿ ಸ್ವೆಟರ್ ಹಾಕ್ಕೊಂಡು ಬಂದಿದ್ದೆ. ಹೌದು ಅನ್ನೋಕೆ ಬಂದಿದ್ದೆ. ನೀನು ತೆರೆದಿಟ್ಟ ಗೇಟುಗಳನ್ನೆಲ್ಲ ಮಾರ್ಜರಿ ಮುಚ್ಚಿಬಿಟ್ಟಿದ್ರು. ಯಾರೋ ಮರೆತು ಬಿಟ್ಟಿದ್ದಾರೆ ಅಂತ, ಪಾಪ, ಅವರ ಮೊದಲನೇ ದಿನ. ಲಾಕೆಲ್ಲ ತುಂಬಿಕೊಂಡಿತ್ತು. ನಿನಗೆ ನಾನು ಬೇಡ ಅಂದ್ಕೊಂಡೆ."

"ಮುಚ್ಚಿತ್ತಾ?" ರೂಫಸ್‌ನ ದನಿ ಗೋಡೆಗಳ ನಡುವೆ ಒಡೆದು ಬಂತು. "ಬ್ರೈ... ಮುಚ್ಚಿತ್ತಾ?"

ಬ್ರೈ! ಒಂದು ವರ್ಷದ ಮೇಲೆ! ಅವಳ ಕಣ್ಣು ತುಂಬಿ ಬಂತು.

"ನಾನು ಮೇಲೆ ನಿಂತು," ಅವನು ತಡವರಿಸಿದ, "ಎಲ್ಲಾ ತೆರೆದಿದ್ರೂ ಬರಲಿಲ್ಲವಲ್ಲ, ಇದಕ್ಕಿಂತ ಸ್ಪಷ್ಟ ಉತ್ತರ ಏನಿದೆ ಅಂತ... ನಿನಗೆ ಬೇಜಾರಾಗಬಾರ್ದು ಅಂತ ಪರವಾಗಿಲ್ಲ ಅಂತ ಕಳಿಸಿದೆ. ಪರವಾಗಿರಲಿಲ್ಲ ಬ್ರೈ. ಒಂದು ದಿನಾನೂ ಪರವಾಗಿರಲಿಲ್ಲ."

"ನನ್ನ ತಪ್ಪೇ. ಎರಡೇ ಲಾಕಿಗೆ ತಿರುಗಿಬಿಟ್ಟೆ."

"ನಾನು ಇಳಿದು ಬಂದು ನೋಡಬೇಕಿತ್ತು. ಸೊಕ್ಕು! ಬೆಟ್ಟ ಇಳಿಯೋಕೆ ಸೊಕ್ಕು!"

ನೀರು ಏರುತ್ತಿತ್ತು. ಅವನ ಟೋಪಿ ಗೋಡೆಯ ಅಂಚಿಗೆ ಬಂತು. ಆಮೇಲೆ ಹಣೆ, ಆಮೇಲೆ ಕಣ್ಣು. ಅವಳು ಅಂಚಿನಲ್ಲಿ ಮಂಡಿಯೂರಿ ಕುಳಿತಳು. ಈಗ ಇಬ್ಬರ ಮುಖ ಎದುರುಬದುರು.

"ಇವತ್ತು ದಾರಿ ನಾನು ಮಾಡಿದ್ದೀನಿ," ಎಂದಳು ಬ್ರಯೊನಿ. "ನೀನು ಬಂದೆ. ಹಾಗಾದ್ರೆ ಈಗ ಕೇಳೋ ಸರದಿ ನನ್ನದು. ರೂಫಸ್ ಹ್ಯಾಡನ್, ನನ್ನ ಮದುವೆ ಆಗ್ತೀಯಾ? ಬೆಳಗಿನವರೆಗೆಲ್ಲ ಸಮಯ ಕೊಡಲ್ಲ."

"ಹೌದು," ಎಂದ ಅವನು. "ಹೌದು, ಹೌದು. ಹೋದ ವರ್ಷದ್ದೂ ಸೇರಿಸಿ ಹೌದು."

ಮಸಿ ಹತ್ತಿದ ಆ ಕೈಗಳು ಅವಳ ಬೊಬ್ಬೆ ಎದ್ದ ಅಂಗೈಗಳನ್ನು ಹಿಡಿದುಕೊಂಡವು. ಒಂದೊಂದು ಬೊಬ್ಬೆಗೂ ಅವನು ತುಟಿ ಒತ್ತಿದ. ಮಫಿನ್ ಎರಡು ದೋಣಿಗಳ ನಡುವೆ ಯಾವ ಕಡೆ ಹಾರಬೇಕೆಂದು ತಿಳಿಯದೆ ಸುಮ್ಮನೆ ಬೊಗಳಿತು. ಮಾರ್ಜರಿ ಕೆಳಗಿನ ಗೇಟಿನ ಮೇಲೆ ಕುಳಿತು ಗಟ್ಟಿಯಾಗಿ ಅಳುತ್ತಿದ್ದಳು.

ಕೆಫೆಯ ಬಳಿ ಹಲ್ಲಿನ ಡಾಕ್ಟರ್ ಪೆಂಡ್ರಿ ಹೆಂಡತಿಯೊಂದಿಗೆ ಕಾಯುತ್ತಿದ್ದರು. ದೋಣಿ ಮಾರುವುದಿಲ್ಲ, ದಯವಿಟ್ಟು ಕ್ಷಮಿಸಿ ಎಂದು ಬ್ರಯೊನಿ ಕೈಹಿಡಿದು ಕೇಳಿಕೊಂಡಳು. ಅವರು ಪೆಚ್ಚಾದರು. ಅವರ ಹೆಂಡತಿ ಮಾತ್ರ ಮೇರಿಗೋಲ್ಡ್‌ನ ಅಗಲವನ್ನು ಕಣ್ಣಲ್ಲೇ ಅಳೆದು, "ದೇವರು ದೊಡ್ಡವನು," ಎಂದು ಎರಡು ಕೇಕು ಹೆಚ್ಚಿಗೆ ತರಿಸಿಕೊಂಡರು.

ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ದೋಣಿಗಳ ಹಗ್ಗ ಬಿಚ್ಚಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಬ್ರಯೊನಿ ಬಣ್ಣದ ಡಬ್ಬಿ ತೆರೆದುಕೊಂಡು ಬ್ಯಾಡ್ಜರ್‌ನ ಪಕ್ಕೆಯ ಮುಂದೆ, ಅವನ ಹೆಸರಿನ ಬಲಕ್ಕೆ ಉಳಿದ ಜಾಗದಲ್ಲಿ ತನ್ನ ಹೆಸರು ಬರೆಯಲು ಕುಳಿತಳು. ರೂಫಸ್ ಅವಳ ಪಕ್ಕದಲ್ಲಿ ಟೀ ಮಗ್ಗು ಇಟ್ಟ.

"ಗಿರಾಕಿಗಳೆಲ್ಲ ನಗ್ತಿದ್ರು," ಎಂದ. "ಹೆಸರು ಯಾಕೆ ಒಂದು ಕಡೆಗೆ ವಾಲಿದೆ ಅಂತ."

"ನೀನೇನು ಹೇಳ್ತಿದ್ದೆ?"

"ಬರೆದೋಳು ಬಂದು ಸರಿ ಮಾಡ್ತಾಳೆ ಅಂತ."

ಅವಳು ಕುಂಚ ಅದ್ದಿದಳು. ಕಣ್ಣು ಮಂಜಾಗಿ ಹಲಗೆ ಸರಿಯಾಗಿ ಕಾಣಲಿಲ್ಲ.

"ಮೊದ್ಲು ಟೀ ಕುಡಿ ಬ್ರೈ. ಕೈ ನಡುಗ್ತಿದೆ, ಅಕ್ಷರ ಸೊಟ್ಟ ಆಗುತ್ತೆ."

"ಆಗ್ಲಿ ಬಿಡು," ಅಂದಳು ಅವಳು, ಅವನ ಭುಜಕ್ಕೆ ತಲೆಯಿಟ್ಟು. "ಸರಿ ಮಾಡೋಕೆ ನಾನು ಇಲ್ಲೇ ಇರ್ತೀನಲ್ಲ."